ಆಷಾಢದಲ್ಲಿ ತೀರಿದ ಗಡುವು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಆ ಕೋಪವನ್ನು ಒಮ್ಮೆ ಕಂಪ್ಯೂಟರಿನೊಳಗೆ ಬರೆದಿಟ್ಟೆ. ಯಾರಿಗೆ ಮುಟ್ಟಬೇಕಿತ್ತೋ ಅವನಿಗೆ ಮುಟ್ಟದೆ ಅದು ಗುಬ್ಬಿಯಲ್ಲಿ ನನ್ನ ತಂಗಿಯ ಅತ್ತೆ ಮನೆಯವರ ಮುಖಕ್ಕೆ ಹೋಗಿ ಬಡಿಯಿತು. ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಬಟವಾಡಿಯಲ್ಲಿ, ಒಂದು ಕ್ಲಿನಿಕ್ಕಿಗೂ ಟೈರ್ ಅಂಗಡಿಗೂ ನಡುವೆ ಒಂದೇ ಶಟರಿನ ಅಂಗಡಿ ಹಿಡಿದು ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದೆ. ಹೈವೇಯಲ್ಲಿ ಲಾರಿ ಹೋದಾಗಲೆಲ್ಲ ಮಾನಿಟರ್ ನಡುಗುತ್ತಿತ್ತು. ಜೊತೆಗೆ ಸಾಫ್ಟ್‌ವೇರ್ ಕೂಡ ಮಾರುತ್ತೇನೆಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಬರೀ ಬ್ಯಾಚ್ ಫೈಲು. ಅಂದರೆ ಕಂಪ್ಯೂಟರಿಗೆ ಒಂದರ ಕೆಳಗೊಂದು ಬರೆದುಕೊಟ್ಟ ಅಪ್ಪಣೆಗಳು. ಒಂದನ್ನು ಒತ್ತಿದರೆ ಬಿಲ್ಲಿನ ಹಾಳೆ ತೆರೆಯಬೇಕು, ಎರಡನ್ನು ಒತ್ತಿದರೆ ಪ್ರಿಂಟ್ ಆಗಬೇಕು, ಮೂರನ್ನು ಒತ್ತಿದರೆ ಅವತ್ತಿನ ಲೆಕ್ಕ ಫ್ಲಾಪಿಗೆ ನಕಲಾಗಬೇಕು. ಅದನ್ನು ಯಾರು ಬೇಕಾದರೂ ತೆರೆದು ಓದಬಹುದಿತ್ತು. ತೆರೆದು ಓದುವವರು ಇಲ್ಲ ಎನ್ನುವುದೇ ನನ್ನ ಬಂಡವಾಳ.

ಕುಣಿಗಲ್‌ನ ಗೊಬ್ಬರದ ಅಂಗಡಿಯವನೊಬ್ಬ, ಬಳಸಿ ನೋಡಿ ಹೇಳ್ತೀನಿ ಎಂದು ಫ್ಲಾಪಿ ಒಯ್ದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕೆಲವು ತಿಂಗಳಾದ ಮೇಲೆ ಕುಣಿಗಲ್‌ನಿಂದ ಬೇರೆ ಯಾರೋ ಫೋನ್ ಮಾಡಿ, ನಿಮ್ಮ ಸಾಫ್ಟ್‌ವೇರಿನಲ್ಲಿ ಪ್ರಿಂಟ್ ಬರ್ತಿಲ್ಲ, ಬಂದು ಸರಿ ಮಾಡ್ಕೊಡಿ ಎಂದು ನನ್ನನ್ನೇ ದಬಾಯಿಸಿದರು. ನಾನು ಅವರ ಮುಖವನ್ನೇ ಕಂಡಿರಲಿಲ್ಲ. ಗೊಬ್ಬರದವನು ತನ್ನ ನೆಂಟರಿಷ್ಟರಿಗೆಲ್ಲ ನಕಲು ಹಂಚಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತೇ ಕೂತು ಫೈಲಿನ ತಲೆಯಲ್ಲಿ ಬೀಗ ಹಾಕಿದೆ. ಬೀಗವೆಂದರೆ ಇಷ್ಟೆ: ಕಂಪ್ಯೂಟರಿನ ತಾರೀಕು ಕೇಳು, ಅದರಲ್ಲಿ ನಾನು ಹೇಳಿದ ತಿಂಗಳು ಕಂಡರೆ ಮಿಕ್ಕ ಕೆಲಸವೆಲ್ಲ ಬಿಟ್ಟು ಕೆಳಗೆ 'ಕಳ್ಳ' ಎಂದು ಗುರುತು ಹಾಕಿರುವ ಕಡೆಗೆ ಹೋಗು. ಗೋಟೂ ಕಳ್ಳ. ಅಲ್ಲಿಗೆ ಹೋದರೆ ಪರದೆ ಪೂರ್ತಿ ಕಪ್ಪಾಗಿ ನಾನು ಬರೆದ ಮಾತು ಮೂಡುತ್ತಿತ್ತು. ಆಗಿನ ಯಂತ್ರಗಳಲ್ಲಿ ಕನ್ನಡ ಮೂಡಿಸುವುದು ನನಗೆ ಬರುತ್ತಿರಲಿಲ್ಲ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಕನ್ನಡ ಬರೆದಿದ್ದೆ: 'ಇದು ಕದ್ದ ಮಾಲು. ಇಟ್ಟುಕೊಂಡವರಿಗೆ ನಾಚಿಕೆ ಇರಲಿ.' ಬರೆದು ಮುಗಿಸಿ ಎರಡು ಮೂರು ಸಲ ಓಡಿಸಿ ನೋಡಿ ನಗಾಡಿದೆ. ಅಂದಿನಿಂದ ಬಳಸಿ ನೋಡಲು ಕೊಡುವ ಫ್ಲಾಪಿಗಳಿಗೆಲ್ಲ ಈ ಬೀಗ ಬಿತ್ತು. ಗಿರಾಕಿಗೆ ಕೊಡುವಾಗ ತಿಂಗಳನ್ನು ಬದಲಾಯಿಸಿದರೆ ಸಾಕಿತ್ತು.

ಆ ವರ್ಷದ ಬೇಸಿಗೆಯಲ್ಲಿ ತಂಗಿಯ ಮದುವೆಯಾಯಿತು. ಗುಬ್ಬಿಯಲ್ಲಿ ಕೊಬ್ಬರಿ, ಅಡಿಕೆ ಮಂಡಿ ಇಟ್ಟಿದ್ದ ಮನೆತನ. ಮುಂದೆ ಮಂಡಿ, ಹಿಂದೆ ಮನೆ. ತಂಗಿ ಬಿ.ಕಾಂ. ಮುಗಿಸಿದ್ದಳು, ಲೆಕ್ಕದಲ್ಲಿ ನನ್ನನ್ನು ಪಕ್ಕಕ್ಕೆ ಸರಿಸುವಷ್ಟು ಚುರುಕು. ಮಂಡಿಯ ಹಳೆಯ ಗುಮಾಸ್ತರು ವಯಸ್ಸಾಯಿತೆಂದು ಕೆಲಸ ಬಿಡುವವರಿದ್ದರು. ಮದುವೆಯಾಗಿ ಸ್ವಲ್ಪ ದಿನಕ್ಕೆ ಅವಳು ನನಗೆ ಫೋನ್ ಮಾಡಿ, ಆ ಜಾಗ ನಂಗೆ ಬೇಕು ಕಣಣ್ಣ, ಅಡುಗೆ ಮನೆಯಲ್ಲಿ ಕೂತು ಮುಂದಿನ ಮಾತೆಲ್ಲ ಕೇಳಿಸಿಕೊಂಡಿರೋಕೆ ನನ್ನ ಕೈಲಾಗಲ್ಲ ಎಂದಳು. ಅವಳೇ ಗಂಡನನ್ನು ಒಪ್ಪಿಸಿ, ಗಂಡನ ಕೈಲಿ ಮಾವನನ್ನು ಒಪ್ಪಿಸಿದ್ದಳು. ಮಾವ ಅರೆಮನಸ್ಸಿನಿಂದ, ಕಂಪ್ಯೂಟರ್ ಬರಲಿ, ಶ್ರಾವಣದಿಂದ ಸೊಸೆ ಕೂತು ನೋಡಲಿ, ಹೊಂದಿದರೆ ಸರಿ, ಇಲ್ಲದಿದ್ದರೆ ಬೇರೆ ಗುಮಾಸ್ತರನ್ನು ನೋಡಿಕೊಳ್ಳೋಣ ಎಂದಿದ್ದರಂತೆ.

ಆಷಾಢದಲ್ಲಿ ಹೊಸ ಸಾಮಾನು ಮನೆಗೆ ತರುವಂತಿಲ್ಲವೆಂದು ಅದಕ್ಕೆ ಮುಂಚೆಯೇ ಕಂಪ್ಯೂಟರ್ ತಂದಿಡಲು ಹೇಳಿದರು. ಬಸ್ಸಿನ ಹಿಂದಿನ ಸೀಟಿನಲ್ಲಿ ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಗುಬ್ಬಿಗೆ ಹೋದೆ. ಮಾವ ಯಂತ್ರದ ಬೆಲೆಯನ್ನು ಅಡಿಕೆ ಚೀಲದ ಬೆಲೆ ಇಳಿಸಿದ ಹಾಗೆ ಇಳಿಸಿದರು. ಒಳಗಿನ ಸಾಫ್ಟ್‌ವೇರಿನ ಮಾತು ಬಂದಾಗ ಹೆಗಲ ಮೇಲಿನ ಟವಲ್ ಕೊಡವಿ, ಅದು ನಮ್ಮನೇದೇ ಅಲ್ವೇ ಎಂದು ನಕ್ಕರು.

ನಾನೂ ನಕ್ಕೆ. ಒಳಗೆ ಮಾತ್ರ ಕುಣಿಗಲ್‌ನ ಗೊಬ್ಬರದವನ ಮುಖ ಕಾಣಿಸಿತು. ನನ್ನ ಚೀಲದಲ್ಲಿ ಎರಡು ಫ್ಲಾಪಿ ಇದ್ದವು, ಬೀಗ ಇಲ್ಲದ್ದು ತಂಗಿಗೆಂದೇ ತಂದದ್ದು. ನಾನು ಬೀಗದ್ದನ್ನು ತೆಗೆದೆ. ಆಗಸ್ಟ್ ಬಂದರೆ ನಿಲ್ಲುವಂತೆ ತಿಂಗಳನ್ನು ತಿದ್ದಿ ಮಂಡಿಯ ಯಂತ್ರಕ್ಕೆ ಹಾಕಿದೆ. ಒಂದು ತಿಂಗಳು ಚೆನ್ನಾಗಿ ಬಳಸಲಿ, ರುಚಿ ಹತ್ತಲಿ, ಆಮೇಲೆ ತಾವೇ ಬರುತ್ತಾರೆ ಎಂದುಕೊಂಡೆ. ಸ್ವಂತ ತಂಗಿಯ ಮನೆ ಎನ್ನುವುದು ಆ ಗಳಿಗೆಯಲ್ಲಿ ನನಗೆ ಅಡ್ಡ ಬರಲಿಲ್ಲ.

ಯಂತ್ರಕ್ಕೆ ವಿಭೂತಿ ಇಟ್ಟು, ಹಳೆಯ ಜರಿ ಪಂಚೆ ಹೊದಿಸಿದರು. ಶ್ರಾವಣದವರೆಗೆ ಅದನ್ನು ಯಾರೂ ಮುಟ್ಟಬಾರದು. ಅದೇ ಸಂಜೆ, ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೆಯಲ್ಲಿರಬಾರದೆಂದು, ತಂಗಿಯ ಬ್ಯಾಗ್ ಹೊತ್ತು ಅವಳನ್ನು ತುಮಕೂರಿಗೆ ಕರೆದುಕೊಂಡು ಬಂದೆ. ಆಷಾಢದ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಆಷಾಢ ಕೂತಿತ್ತು, ಕಡಲೆಕಾಯಿ ಬಿಡಿಸಿ ನನ್ನ ಕೈಗೆ ಹಾಕುತ್ತಿತ್ತು. ಆದರೂ ನಾನು ಕೊಟ್ಟ ಗಡುವಷ್ಟೂ ಪಂಚೆಯ ಕೆಳಗೇ ಕಳೆದುಹೋಗುತ್ತದೆ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಬಟವಾಡಿಯಲ್ಲಿ ಅಂಗಡಿ ಇಟ್ಟ ಮೇಲೆ ನಾನು ಇಂಗ್ಲಿಷ್ ಕ್ಯಾಲೆಂಡರಿನವನಾಗಿಬಿಟ್ಟಿದ್ದೆ.

ಆ ತಿಂಗಳು ತಂಗಿ ಸದಾಶಿವನಗರದ ನಮ್ಮ ಮನೆಯಿಂದ ದಿನಾ ಸಿಟಿ ಬಸ್ಸಿನಲ್ಲಿ ನನ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಬರುತ್ತಿದ್ದಳು. ನಾನು ಉಣ್ಣುವಷ್ಟರಲ್ಲಿ ಅವಳು ಕೀಬೋರ್ಡಿನ ಮುಂದೆ. ಬಿಲ್ ಮಾಡುವುದನ್ನು ಬೇಗ ಕಲಿತು, ಅದರಲ್ಲಿ ಮನಸ್ಸು ತುಂಬದೆ, ಇದು ಒಳಗೆ ಹೇಗೆ ನಡೆಯುತ್ತೆ ತೋರಿಸು ಎಂದಳು. ನನ್ನ ಅಂಗಡಿಯ ಯಂತ್ರದಲ್ಲಿದ್ದದ್ದು ಬೀಗವಿಲ್ಲದ ಫೈಲು. ಅದನ್ನು ತೆರೆದು, ಈ ಸಾಲು ಇದಕ್ಕೆ, ಆ ಸಾಲು ಅದಕ್ಕೆ, ಗೋಟೂ ಎಂದರೆ ಮುಂದೆ ಬರೆದಿರುವ ಗುರುತಿಗೆ ಹೋಗು ಎಂದು ದೊಡ್ಡ ಮೇಷ್ಟರ ಹಾಗೆ ಕಲಿಸಿದೆ. ಅವಳು ತಾನೇ ಒಂದು ಪುಟ್ಟ ಫೈಲು ಬರೆದಳು. ಒಂದನ್ನು ಒತ್ತಿದರೆ 'ಕಾಫಿ', ಎರಡನ್ನು ಒತ್ತಿದರೆ 'ಟೀ', ಬೇರೆ ಏನು ಒತ್ತಿದರೂ 'ಅಮ್ಮನ್ನ ಕೇಳು' ಎಂದು ಬರುತ್ತಿತ್ತು. ಅಮ್ಮನನ್ನು ಆಟೋದಲ್ಲಿ ಕರೆತಂದು ಅದನ್ನು ತೋರಿಸಿದೆವು. ಅಷ್ಟು ದಿನ ಪಕ್ಕದಲ್ಲಿ ಕೂತಿದ್ದರೂ ಗುಬ್ಬಿಯ ಯಂತ್ರದಲ್ಲಿ ಏನಿಟ್ಟು ಬಂದಿದ್ದೇನೆ ಎಂದು ಅವಳಿಗೆ ನಾನು ಹೇಳಲಿಲ್ಲ. ಮರೆತಿದ್ದೆ ಎನ್ನಬಹುದು, ಪೂರ್ತಿ ಮರೆತಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಅವಳನ್ನು ಬಿಡಲು ನಾನೇ ಹೋದೆ. ಮಂಡಿಯ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಚೇಳೂರು ಕಡೆಯಿಂದ ಕೊಬ್ಬರಿ ತಂದಿದ್ದ ರೈತರು ಚೀಲಗಳ ಮೇಲೆ ಕೂತು, ಇವತ್ತು ಕಂಪ್ಯೂಟರ್ ಬಿಲ್ಲಂತೆ ಎಂದು ಕಾಯುತ್ತಿದ್ದರು. ಮಾವ ಪಂಚೆ ತೆಗೆದು, ಮಾನಿಟರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಸೊಸೆಯನ್ನು ಕರೆದು ಎಲ್ಲರ ಎದುರಿಗೆ ಕುರ್ಚಿಯ ಮೇಲೆ ಕೂರಿಸಿದರು. ಅವಳು ಮದುವೆಯ ಸೀರೆಗಳಲ್ಲೊಂದನ್ನು ಉಟ್ಟಿದ್ದಳು. ಯಂತ್ರ ಹಾಕಿದಳು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು.

ಅವಳ ಗಂಡ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ.

"ಇದು... ಕದ್ದ... ಮಾಲು."

ಮಂಡಿಯೊಳಗೆ ಆ ಮಾತನ್ನು ಯಾರೂ ತಮಾಷೆಗೂ ಆಡುವುದಿಲ್ಲ. ತೋಟದಿಂದ ಕಾಯಿ, ಅಡಿಕೆ ಕದ್ದು ತಂದು ಮಾರುವವರು ಇರುತ್ತಾರೆ. ಗುರುತಿಲ್ಲದವನು ಚೀಲ ಇಳಿಸಿದರೆ ಯಾವೂರು, ಯಾರ ತೋಟ ಎಂದು ಕೇಳಿಯೇ ತಕ್ಕಡಿಗೆ ಹಾಕುತ್ತಾರೆ. ಕದ್ದ ಮಾಲು ಹಿಡಿಯುವ ಮಂಡಿ ಎಂದು ಒಂದು ಸಲ ಹೆಸರು ಬಂದರೆ ರೈತರು ಆ ಬಾಗಿಲಿಗೆ ಬರುವುದಿಲ್ಲ. ಚೀಲದ ಮೇಲೆ ಕೂತಿದ್ದ ಒಬ್ಬರು ಎದ್ದು ನಿಂತರು. ಮಾವ ಅವರ ಕಡೆ ನೋಡಿ, ಮಗನ ಕಡೆ ನೋಡಿ, ಅದೇನ್ಲಾ ಅದು, ಇನ್ನೊಂದ್ಸಲ ಓದು ಎಂದರು. ಅವನು ಓದಿದ. ಈ ಸಲ ನಾಚಿಕೆಯ ಸಾಲನ್ನೂ ಸೇರಿಸಿ ಓದಿದ.

ಏನೋ ಕೆಟ್ಟಿದೆ, ನೋಡ್ತೀನಿ ಎಂದು ತಂಗಿಯನ್ನು ಎಬ್ಬಿಸಿ ನಾನು ಕೂತೆ. ಬೇಗ ಫೈಲು ತೆರೆದು ಆ ಸಾಲುಗಳನ್ನು ಅಳಿಸಿದರೆ ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ ಎನ್ನುವುದು ನನ್ನ ಯೋಚನೆ. ಅಲ್ಲಿ ಗೊತ್ತಾಗುವವರು ಒಬ್ಬರಿದ್ದರು. ಅವಳು ನನ್ನ ಹೆಗಲ ಹಿಂದೆಯೇ ನಿಂತಿದ್ದಳು. ಅವಳಿಗೆ ಓದಲು ಕಲಿಸಿದವನು ನಾನೇ. ತಾರೀಕು ಕೇಳುವ ಸಾಲು, ಆಗಸ್ಟ್ ಹುಡುಕುವ ಸಾಲು, ಗೋಟೂ ಕಳ್ಳ. ಬೆನ್ನ ಹಿಂದೆ ಅವಳ ಬಳೆಗಳ ಸದ್ದು ನಿಂತುಹೋಯಿತು. ನನ್ನ ಕೈಬೆರಳು ಕೀಲಿಯ ಮೇಲೆ ಹಾಗೇ ಉಳಿಯಿತು.

ಮಾವ ನನ್ನನ್ನು ಕೇಳಲಿಲ್ಲ, ಅವಳನ್ನು ಕೇಳಿದರು. "ಏನಮ್ಮಾ ಅದು? ನಿಂಗೆ ಬರುತ್ತಲ್ಲ, ಹೇಳು."

ಕೆಟ್ಟಿದೆ ಎಂದಿದ್ದರೆ ಎಲ್ಲರೂ ನಂಬುತ್ತಿದ್ದರು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಅವಳು ಪರದೆಯ ಸಾಲುಗಳನ್ನು ಇನ್ನೊಮ್ಮೆ ನೋಡಿ ಹೇಳಿದಳು.

"ನಮ್ಮಣ್ಣ ಹಾಕಿರೋ ಬೀಗ, ಮಾವ. ಈ ತಿಂಗಳು ಬಂದ್ರೆ ನಿಂತೋಗ್ಲಿ ಅಂತ ಬರ್ದವ್ನೆ. ನೀವ್ ದುಡ್ಡು ಕೊಡಲ್ವೇನೋ ಅಂತ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆ ಕುರ್ಚಿಗೆ ತಾನು ತಕ್ಕವಳು ಎನ್ನುವುದನ್ನು ಅವಳು ಹಾಗೆ ತೋರಿಸಿಕೊಡಬೇಕಾಗಿ ಬಂತು.

ಮಾವ ಬೈದಿದ್ದರೆ ನನಗೂ ಕೋಪ ಬಂದು ಏನಾದರೂ ಆಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ರೈತರ ಕಡೆ ತಿರುಗಿ, ಇದು ನಮ್ಮ ಮನೆಯವರ ಮಾತು, ನಿಮ್ಮ ಮಾಲಿಗೆ ಸಂಬಂಧ ಇಲ್ಲ, ಕೂತ್ಕೊಳಿ ಎಂದರು. ಆಮೇಲೆ ನನ್ನ ಕಡೆ ನೋಡಿ, "ಕೇಳಿದ್ರೆ ಕೊಡ್ತಿದ್ದೆ ಕಣಪ್ಪ. ನೀನು ಕೇಳ್ಲೇ ಇಲ್ಲ" ಎಂದರು. ನಾನು ತಲೆ ತಗ್ಗಿಸಿ ಸಾಲುಗಳನ್ನು ಅಳಿಸಿದೆ. ಬಿಲ್ಲಿನ ಹಾಳೆ ತಕ್ಷಣ ತೆರೆದುಕೊಂಡಿತು. ಅದನ್ನು ನೋಡಲು ಯಾರೂ ಹತ್ತಿರ ಬರಲಿಲ್ಲ. ಮೊದಲನೇ ಬಿಲ್ಲು ಕೈಬರಹದಲ್ಲೇ ಆಗಲಿ ಎಂದು ಮಾವ ಹಳೆಯ ಗುಮಾಸ್ತರನ್ನು ಕರೆದರು. ಸೊಸೆಗೆ ಮೆಲ್ಲಗೆ, "ನೀನ್ ಒಳೀಕ್ ಹೋಗಮ್ಮ" ಎಂದರು.

ಅವಳು ಹೋದಳು. ನಾನು ಕೂಡಲೇ ಎದ್ದು, ತಪ್ಪು ನನ್ನದು, ಅವಳನ್ನು ಕೂರಿಸಿ ಎಂದು ಕೈ ಮುಗಿಯಬಹುದಿತ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಶ್ರಾವಣದ ಮೊದಲ ಸೋಮವಾರವೇ ಹೀಗಾಯಿತಲ್ಲ ಎಂದು ಅತ್ತೆ ಪೇಚಾಡುವುದು ಒಳಗಿನಿಂದ ಕೇಳುತ್ತಿತ್ತು. ಮುಂದಿನ ವಾರ ಸಾಫ್ಟ್‌ವೇರಿನ ದುಡ್ಡು ಬಟವಾಡಿಗೆ ಬಂತು, ಚೌಕಾಸಿಯಿಲ್ಲದೆ. ಅದರ ಹಿಂದೆಯೇ ಸುದ್ದಿಯೂ ಬಂತು. ಅತ್ತೆಯ ಕಡೆಯ ನೆಂಟರೊಬ್ಬರನ್ನು ಗುಮಾಸ್ತರಾಗಿ ನೇಮಿಸಿಕೊಂಡಿದ್ದರು.

ಕುಣಿಗಲ್‌ನ ಗೊಬ್ಬರದವನನ್ನು ಆಮೇಲೆ, ಎರಡು ಸಾವಿರ ಇಸವಿ ದಾಟಿ ಎಷ್ಟೋ ವರ್ಷಕ್ಕೆ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಅವನೇ ಗುರುತು ಹಿಡಿದು ಟೀ ಕುಡಿಸಿದ. ನನ್ನ ಬೀಗ ಹಾಕಿದ ಫ್ಲಾಪಿಯೂ ಯಾರದೋ ಕೈಯಿಂದ ಅವನಿಗೆ ಸಿಕ್ಕಿತ್ತಂತೆ. ಕಂಪ್ಯೂಟರಿನ ತಾರೀಕನ್ನೇ ಹಿಂದಕ್ಕೆ ತಿರುಗಿಸಿಕೊಂಡು ಆರಾಮಾಗಿ ಬಳಸಿದೆ ಎಂದು ಹೇಳಿ ನಕ್ಕ. ಅಂದರೆ ನಾನು ಬರೆದ ಆ ಮಾತು, ನನಗೆ ಗೊತ್ತಿದ್ದಂತೆ, ತಟ್ಟಿದ್ದು ಗುಬ್ಬಿಯವರಿಗೆ ಮಾತ್ರ. ನನ್ನ ಟೀ ಅರ್ಧಕ್ಕೇ ಉಳಿಯಿತು.

ಆದರೆ ನನ್ನನ್ನು ಇಂದಿಗೂ ಕೊರೆಯುವುದು ಆ ವರ್ಷದ ಗೌರಿ ಹಬ್ಬ. ತವರಿನ ಬಾಗಿನ ಒಯ್ಯಬೇಕಾದವನು ನಾನು. ಮೊರದಲ್ಲಿ ಅಮ್ಮ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಬಟ್ಟೆ ಎಲ್ಲ ಜೋಡಿಸಿದರು. ಅವರು ಆಚೆ ಹೋದಾಗ ನಾನು ರವಿಕೆ ಬಟ್ಟೆಯ ಮಡಿಕೆಯೊಳಗೆ ಬೀಗವಿಲ್ಲದ ಫ್ಲಾಪಿಯನ್ನು ಇಟ್ಟೆ. ಅದನ್ನು ಕಂಡರೆ ಅವಳಿಗೆ ನನ್ನ ಮನಸ್ಸು ತಿಳಿಯುತ್ತದೆ, ಬಾಯಿ ಬಿಟ್ಟು ಕ್ಷಮೆ ಕೇಳುವ ಕಷ್ಟ ತಪ್ಪುತ್ತದೆ ಎನ್ನುವುದು ನನ್ನ ಲೆಕ್ಕ.

ಗುಬ್ಬಿಯಲ್ಲಿ ಮಂಡಿ ದಾಟಿಕೊಂಡೇ ಮನೆಯೊಳಗೆ ಹೋಗಬೇಕು. ಹೊಸ ಗುಮಾಸ್ತರು ಕುರ್ಚಿಯಲ್ಲಿ ಕೂತು ಒಂದೊಂದೇ ಬೆರಳಲ್ಲಿ ಬಿಲ್ಲು ಒತ್ತುತ್ತಿದ್ದರು. ಒಳಗೆ ತಂಗಿ ಬಾಗಿನ ತೆಗೆದುಕೊಂಡು, ನನಗೆ ನಮಸ್ಕಾರ ಮಾಡಿ, ರವಿಕೆ ಬಟ್ಟೆ ಬಿಡಿಸಿದಳು. ಫ್ಲಾಪಿಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಅಂಟಿದ್ದ ಅರಿಶಿನವನ್ನು ಸೆರಗಿನಿಂದ ಒರೆಸಿದಳು. ಇದರಲ್ಲಿ ಬೀಗಗೀಗ ಏನೂ ಇಲ್ಲ, ಬೇಕಾದರೆ ತೆರೆದು ನೋಡು ಎಂದೆ.

"ನೋಡೋಕೆ ಬರುತ್ತೆ ಕಣಣ್ಣ ನಂಗೆ" ಎಂದಳು. "ಅಲ್ಲಿ ಅವ್ರು ಕೂತವ್ರಲ್ಲ, ಅವ್ರ ಮುಂದೆ ನಾನು ಮಿಷನ್ ಹತ್ರ ಹೋಗಂಗಿಲ್ಲ."

ಫ್ಲಾಪಿಯನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಎಲೆ ಹಾಸಿ, ಹೋಳಿಗೆ ಬಡಿಸಿದಳು. ತುಪ್ಪ ಸಾಕಾ ಎಂದು ಕೇಳಿದಳು. ಮಂಡಿಯಿಂದ ಪ್ರಿಂಟರಿನ ಕರಕರ ಸದ್ದು ಕೇಳಿಸಿತು. ಅವಳು ತುಪ್ಪದ ಮಿಳ್ಳೆ ಹಿಡಿದವಳು ಹಾಗೇ ನಿಂತು, ಆ ಸದ್ದು ಮುಗಿಯುವವರೆಗೂ ಕೇಳಿಸಿಕೊಂಡಳು.