ದಿಲ್ ಬಹದ್ದೂರನ ಕೆಮ್ಮು

ಫೋನಿಗೆ ಹಾಡನ್ನು ಅಂಗಡಿಯಲ್ಲಿ ತುಂಬಿಸಿಕೊಂಡು ಬರಬೇಕಾಗಿದ್ದ ಕಾಲ ಅದು. ತುಮಕೂರಿನಲ್ಲಿ ನಮ್ಮ ಬೀದಿಯ ತುದಿಯಲ್ಲೇ ಅಂಥದೊಂದು ಅಂಗಡಿ ಇತ್ತು. ಉಗುರಿನಷ್ಟು ಮೆಮೊರಿ ಕಾರ್ಡನ್ನು ಕೊಟ್ಟು "ಹೊಸದೆಲ್ಲ ಹಾಕಿ" ಅಂದರೆ ಮುಗಿಯಿತು. ಅಂಗಡಿಯವನಿಗೆ ಇಷ್ಟವಾದದ್ದು ನಮ್ಮ ಬೀದಿಗೆಲ್ಲ ಇಷ್ಟವಾಗುತ್ತಿತ್ತು. ನನ್ನ ಓರಗೆಯವರು ಇದನ್ನು ಓದಿ ನಗಬಹುದು. ಅವರ ಕಾರ್ಡಿನಲ್ಲೂ ಅವೇ ಹಾಡುಗಳಿದ್ದವು.

ಆ ವರ್ಷ ನಾನು ಆರನೇ ಕ್ಲಾಸು. ದಸರಾ ರಜಕ್ಕೆ ಕೊತ್ತಗೆರೆ ಕಡೆಯ ಅಜ್ಜಿ ಮನೆಗೆ ಹೋದಾಗ ಲೋಕಿ ಮಾವ ಮಸ್ಕತ್ತಿನಿಂದ ವಾಪಸ್ ಬಂದಿದ್ದ. ಲೋಕಿ ಮಾವ ಅಂದರೆ ಅಮ್ಮನ ಕೊನೆಯ ತಮ್ಮ ಲೋಕೇಶ. ಐಟಿಐ ಮುಗಿಸಿ ಪ್ಲಂಬರ್ ಕೆಲಸಕ್ಕೆಂದು ಹೋಗಿದ್ದವನು. ಊರಿನವರ ಪಾಲಿಗೆ ಮಸ್ಕತ್ತೂ ದುಬೈಯೇ. ದುಬೈಗೆ ಹೋದವನು ಚಿನ್ನ ತರಬೇಕು, ಅದಾಗದಿದ್ದರೆ ದೊಡ್ಡ ಟೀವಿಯನ್ನಾದರೂ ತರಬೇಕು. ಮಾವನ ಕಂಪನಿ ಬಾಗಿಲು ಹಾಕಿತ್ತು, ಕೊನೆಯ ಸಂಬಳವೂ ಕೈಗೆ ಬಂದಿರಲಿಲ್ಲ. ಅವನು ತಂದದ್ದು ಒಂದು ಬ್ಯಾಗು, ಒಂದು ಫೋನು, ಫೋನಿನೊಳಗೆ ಕಾರ್ಡಿನ ತುಂಬ ಹಾಡು.

"ಎಲ್ರೂ ದುಬೈಯಿಂದ ಚಿನ್ನದ ಬಿಸ್ಕತ್ತು ತತ್ತಾರೆ, ನಮ್ಮೋನು ಹಾಡು ತಂದವ್ನೆ" ಎಂದು ದೊಡ್ಡಮಾವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಇವನು ಅಮ್ಮನ ಅಣ್ಣ ರಾಜಣ್ಣ. ಅಜ್ಜ ಹೋದ ಮೇಲೆ ಮನೆ, ತೋಟ, ಟ್ರ್ಯಾಕ್ಟರು ಎಲ್ಲವೂ ಅವನ ಮಾತಿನಂತೆಯೇ ನಡೆಯುತ್ತಿದ್ದವು. ಹಿರಿಯರಿಗೆ ಬಹುವಚನ ಕೊಡಬೇಕು ಅನ್ನುವುದು ನನಗೆ ಗೊತ್ತು. ಬರೆಯುವ ಕೈ ಒಪ್ಪುತ್ತಿಲ್ಲ.

ಊಟಕ್ಕೆ ಕೂತಾಗ ಅವನ ಬಾಯಿ ಇನ್ನೂ ಹರಿತ. ಲೋಕಿ ಮಾವ ಇನ್ನೊಂದು ಸೌಟು ಸಾರು ಕೇಳಿದರೆ ಸಾಕು.

"ಸಾರ್ ಸಾಲ್ದೇನ್ಲಾ ಮುದ್ದೆಗೆ? ಒಂದ್ ಹಾಡು ನೆಂಚ್ಕೊ."

ಎಲ್ಲರೂ ನಗುತ್ತಿದ್ದರು. ಅಜ್ಜಿ ಕೂಡ. ಲೋಕಿ ಮಾವನೂ ನಗುತ್ತಿದ್ದ, ಆಮೇಲೆ ಸಾರು ಹಾಕಿಸಿಕೊಳ್ಳದೆ ಕೈ ತೊಳೆಯುತ್ತಿದ್ದ.

ಮಧ್ಯಾಹ್ನ ನಾವಿಬ್ಬರೂ ತೆಂಗಿನ ತೋಟದ ಪಂಪ್‌ಸೆಟ್ ಮನೆಗೆ ಹೋಗುತ್ತಿದ್ದೆವು. ಒದ್ದೆ ಸಿಮೆಂಟು, ಗ್ರೀಸು, ಹೊರಗೆ ತೆನೆ ಕಟ್ಟುತ್ತಿದ್ದ ರಾಗಿ ಹೊಲದ ಹಸಿ ವಾಸನೆ. ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ನನ್ನ ಕಡೆಯದು ಆಗಾಗ ಸತ್ತುಹೋಗುತ್ತಿತ್ತು, ವೈರನ್ನು ಹಿಡಿದು ತಿರುಚಿದರೆ ಮತ್ತೆ ಜೀವ ಬರುತ್ತಿತ್ತು. ಆ ವೈರಿನಲ್ಲಿ ನಾನು ಸೂಡಾನು ಕೇಳಿದೆ, ಈಜಿಪ್ಟು ಕೇಳಿದೆ, ಫಿಲಿಪೀನ್ಸು ಕೇಳಿದೆ. ಭೂಗೋಳದ ಪುಸ್ತಕದಲ್ಲಿ ಬಣ್ಣ ಹಚ್ಚಿದ ತುಂಡುಗಳಾಗಿದ್ದ ದೇಶಗಳಲ್ಲಿ ಜನ ಇದ್ದಾರೆ, ಅವರಿಗೂ ಬೇಜಾರಾಗುತ್ತದೆ ಅಂತ ನನಗೆ ತಿಳಿದದ್ದು ಅಲ್ಲೇ.

ಅವನ ಮಸ್ಕತ್ತಿನ ರೂಮಿನಲ್ಲಿ ಒಂದು ಆಟವಿತ್ತಂತೆ. ಶುಕ್ರವಾರ ರಜ. ಒಬ್ಬೊಬ್ಬನೂ ತನ್ನ ದೇಶದ ಒಂದು ಹಾಡು ಹಾಕಬೇಕು. ಮಿಕ್ಕವರು ಆ ಹಾಡಿನಲ್ಲಿ ಏನಿದೆ ಅಂತ ಹೇಳಬೇಕು. ತೀರಾ ತಪ್ಪು ಹೇಳಿದವನಿಗೆ ಪಾತ್ರೆ ತೊಳೆಯುವ ಕೆಲಸ. ಹಾಗೆ ಹಾಕಿದ ಹಾಡುಗಳನ್ನು ಬ್ಲೂಟೂತಿನಲ್ಲಿ ಒಬ್ಬರಿಂದೊಬ್ಬರು ಇಸಕೊಂಡಿದ್ದರು. ನಾವೂ ಅದೇ ಆಟ ಆಡುತ್ತಿದ್ದೆವು.

"ಇದ್ರಲ್ಲಿ ಏನೈತೆ ಹೇಳು."

"ಒಂಟೆ ಕಳ್ದೋಗಿದೆ ಮಾವ. ಹುಡುಕ್ತಾ ಇದಾನೆ."

"ಥೂ, ಮದ್ವೆ ಹಾಡು ಕಣೇ ಇದು. ನಾನೂ ಇದಕ್ಕೇ ಪಾತ್ರೆ ತೊಳ್ದಿದೀನಿ, ಬುಡು."

ಒಂದು ದಿನ, "ಎಲ್ರದ್ದೂ ಐತೆ, ನಿಂದೇ ಇಲ್ವಲ್ಲ. ನಮ್ಮ ದೇಶದ್ದು ಒಂದು ಹಾಕು" ಅಂದ. ಸ್ಕೂಲಿನಲ್ಲಿ ಹೇಳಲು ನಾಚಿಕೆಪಡುತ್ತಿದ್ದ ನನ್ನ ನಿಜವಾದ ಇಷ್ಟವನ್ನು ಅವನಿಗೆ ಹೇಳಿಬಿಟ್ಟೆ. ನನಗೆ ಸಿನಿಮಾ ಹಾಡು ಬೇಡ, ಅಜ್ಜಿ ಹೇಳುವ ಸೋಬಾನೆ ಪದ ಬೇಕು. ಅವನು ನಗಲಿಲ್ಲ. ಪಂಪ್‌ಸೆಟ್ ಆರಿಸಿ, ನಾನು ಹಾಡಿದ್ದನ್ನು ರೆಕಾರ್ಡು ಮಾಡಿಕೊಂಡು, ಸೂಡಾನಿನ ಪಕ್ಕದಲ್ಲಿ ನನ್ನನ್ನು ಸೇರಿಸಿದ. ಅವತ್ತಿನಷ್ಟು ಹೆಮ್ಮೆ ನನಗೆ ಆಮೇಲೆ ಯಾವ ಬಹುಮಾನ ಬಂದಾಗಲೂ ಆಗಿಲ್ಲ.

ಆ ಕಾರ್ಡಿನಲ್ಲಿ ಮಸ್ಕತ್ತಿನ ರೂಮಿನಲ್ಲೇ ಮಾವ ರೆಕಾರ್ಡು ಮಾಡಿದ್ದು ಇನ್ನೊಂದಿತ್ತು, ಬೇರೆ ಯಾರ ಹತ್ತಿರವೂ ಇಲ್ಲದ್ದು. ಹಾಡಿದವನು ನೇಪಾಳದ ದಿಲ್ ಬಹದ್ದೂರ್, ಮಾವನ ಪಕ್ಕದ ಮಂಚದವನು. ಮೊದಲು ಅವನು ಕೆಮ್ಮುತ್ತಾನೆ. ಹಿಂದೆ ಕುಕ್ಕರು ಕೂಗುತ್ತದೆ. ಹಾಡು ಶುರುವಾಗುತ್ತದೆ, ಸಣ್ಣ ದನಿ, ಮೇಲೇರುವಾಗ ಸ್ವಲ್ಪ ಒಡೆಯುತ್ತದೆ. ಅರ್ಧದಲ್ಲಿ ಸಾಲು ಮರೆತು ಕಿಸಕ್ಕೆಂದು ನಗುತ್ತಾನೆ, ಯಾರೋ ಬೈಯುತ್ತಾರೆ, ಮತ್ತೆ ಹಿಡಿಯುತ್ತಾನೆ. ಈ ಒಂದು ಹಾಡಿಗೆ ಮಾವ ಆಟ ಆಡಿಸುತ್ತಿರಲಿಲ್ಲ. ದಿಲ್ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡುತ್ತಾ ಬಿದ್ದವನು ಏಳಲಿಲ್ಲವಂತೆ.

ದಿಲ್‌ನ ತಮ್ಮ ಕಿರಣ್ ತುಮಕೂರಿನಲ್ಲೇ ನೂಡಲ್ಸ್ ಗಾಡಿಯೊಂದರಲ್ಲಿ ಅಡುಗೆ ಕೆಲಸಕ್ಕಿದ್ದ. ರೂಮಿನವರಿಂದ ನಂಬರು ಪಡೆದು ಮಾವನಿಗೆ ಫೋನು ಮಾಡಿದ್ದ. ಊರಿನಲ್ಲಿ ಅಮ್ಮನ ಹತ್ತಿರ ಅಣ್ಣನ ಫೋಟೊ ಇದೆ, ದನಿ ಇಲ್ಲ. ಗಾಡಿಯವರು ಅಮಾವಾಸ್ಯೆ ಕಳೆದ ಮೇಲೆ ರಜ ಕೊಡುತ್ತಾರೆ, ಬಂದು ಆ ಹಾಡು ತೆಗೆದುಕೊಂಡು ಹೋಗುತ್ತೇನೆ, ಆಮೇಲೆ ಊರಿಗೆ ಹೊರಡುತ್ತೇನೆ ಅಂದಿದ್ದ. ಮಾವ ದಿನಾ ಒಂದು ಸಲ ಆ ಹಾಡನ್ನು ಹಾಕಿ, ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದ. ಹಾಗೆ ಕೇಳಿ ಕೇಳಿ ನನಗೆ ಅದು ಬಾಯಿಪಾಠವಾಗಿಹೋಯಿತು.

ಮಹಾಲಯ ಅಮಾವಾಸ್ಯೆ ಬಂತು. ಅಜ್ಜಿ ಮನೆಯಲ್ಲಿ ಪಕ್ಷದ ಎಡೆ ಅಂದರೆ ಸಣ್ಣ ಸಂಗತಿಯಲ್ಲ. ಬೆಳಿಗ್ಗೆಯಿಂದ ಕಜ್ಜಾಯದ ಎಣ್ಣೆ ಹೊಗೆ, ಮಸಾಲೆ ರುಬ್ಬುವ ಸದ್ದು, ಮಟನ್ ಸಾರಿನ ಘಮ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ಅಜ್ಜನಿಗೆ ಪ್ರಿಯವಾದದ್ದೆಲ್ಲ ಬಡಿಸಿ, ಹೊಸ ಪಂಚೆ ಇಟ್ಟು, ಪಕ್ಕದಲ್ಲಿ ಬೀಡಿ ಕಟ್ಟು, ಒಂದು ಕ್ವಾರ್ಟರು ಬಾಟಲಿ. ಧೂಪ ಹಾಕಿ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಪಿಟ್ಟೆನ್ನಬಾರದು.

ಹೊರಗೆ ಜಗಲಿಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದೆವು. ಲೋಕಿ ಮಾವ ಹಿತ್ತಿಲಿಗೆ ಹೋಗಿ ಅವತ್ತಿನ ಪಾಲಿಗೆ ದಿಲ್‌ನ ಹಾಡನ್ನು ಹಾಕಿದ್ದಾನೆ. ಇಯರ್‌ಫೋನಿನ ವೈರು ಜಾರಿ, ಫೋನು ಗಟ್ಟಿಯಾಗಿ ಹಾಡಿಬಿಟ್ಟಿತು. ಮುಚ್ಚಿದ ಮನೆಯ ಹಿಂದಿನಿಂದ ಕೆಮ್ಮು ಕೇಳಿಸಿತು. ಅಜ್ಜನಿಗೂ ಕೆಮ್ಮು ಇತ್ತು. ಅಜ್ಜಿ ಮಡಿಲು ಹಿಡಿದುಕೊಂಡು ಎದ್ದು ನಿಂತಳು, ಮುಖದಲ್ಲಿ ಸಂತೋಷವೋ ಭಯವೋ ನನಗೆ ತಿಳಿಯಲಿಲ್ಲ. ಆಮೇಲೆ ಹಾಡು ಶುರುವಾಯಿತು.

"ಯಾರ್ದ್ಲಾ ಅದು ದನಿ?" ಅಂದಳು ಅಜ್ಜಿ, ಮಾವ ಓಡಿ ಬಂದಾಗ.

ಲೋಕಿ ಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಮ್ ರೂಮಲ್ಲಿದ್ದ ನೇಪಾಳದ ಹುಡುಗಂದು ಕಣವ್ವ. ಅಲ್ಲೇ ತೀರ್ಕೊಂಡ."

ಅಜ್ಜಿ ಹಣೆ ಬಡಿದುಕೊಂಡಳು. ಎಡೆ ಇಟ್ಟ ಹೊತ್ತಿನಲ್ಲಿ ಸತ್ತವರು ಕೂಗಿದರೆ ಎಲೆಯ ಮುಂದೆ ಅವರೇ ಬಂದು ಕೂರುತ್ತಾರೆ ಅನ್ನುವುದು ಅವಳ ನಂಬಿಕೆ. ಗಂಡನಿಗೆ ಬಡಿಸಿದ್ದನ್ನು ಗುರುತಿಲ್ಲದವನೊಬ್ಬ ಉಂಡು ಹೋದ ಅಂತ ಅವಳು ನಿಜವಾಗಿಯೂ ಅತ್ತಳು. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡಮಾವನಿಗೆ ಅಂಥ ನಂಬಿಕೆ ಯಾವುದೂ ಇರಲಿಲ್ಲ, ಅಜ್ಜನ ಎಡೆಯ ಬಾಟಲಿಯ ಮೇಲೆ ಮಾತ್ರ ಭಕ್ತಿ. ಆದರೂ ಸಿಕ್ಕ ಅವಕಾಶ ಬಿಡುವವನಲ್ಲ.

"ಬದುಕಿರೋರ್ಗೆ ಒಂದ್ ರೂಪಾಯಿ ತರ್ಲಿಲ್ಲ. ಊರಾಚೆ ಸತ್ತೋನ್ನ ಕರ್ಕೊಂಬಂದು ನಮ್ಮಪ್ಪನ ಎಲೆ ಮುಂದೆ ಕೂರ್ಸವ್ನೆ. ಕೊಡ್ಲಾ ಇಲ್ಲಿ ಅದ!" ಎನ್ನುತ್ತ ಫೋನನ್ನು ಕಿತ್ತುಕೊಂಡ.

"ಅಣ್ಣ, ಫೋನ್ ಬೇಕಾರೆ ಇಟ್ಕೊ. ಕಾರ್ಡ್ ಕೊಡು. ನಾಳೆ ಅವನ ತಮ್ಮ ಬತ್ತಾನೆ. ಅವರಮ್ಮಂಗೆ ಬೇಕಂತೆ."

ದೊಡ್ಡಮಾವ ಇದನ್ನು ಪೂರ್ತಿ ಕೇಳಿಸಿಕೊಂಡ. ಇದು ನನಗೆ ಚೆನ್ನಾಗಿ ನೆನಪಿದೆ. ಕೇಳಿಸಿಕೊಂಡು, ಫೋನಿನ ಹಿಂಬದಿ ಬಿಚ್ಚಿ, ಕಾರ್ಡನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಬರೀ ಫೋನನ್ನು ವಾಪಸ್ ಕೊಟ್ಟ. ಅವತ್ತು ಎಲ್ಲರೂ ಕಜ್ಜಾಯ ತಿಂದರು. ಲೋಕಿ ಮಾವ ಸಂಜೆಯವರೆಗೂ ಅಣ್ಣನ ಹಿಂದೆ ಹಿಂದೆಯೇ ತಿರುಗಿದ. "ನಾಳೆ ಕೊಡ್ತೀನಿ ಬುಡ್ಲಾ" ಅಂತ ಅವನು ನಗುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆಯೇ ದೊಡ್ಡಮಾವ ಟ್ರ್ಯಾಕ್ಟರು ತೆಗೆದುಕೊಂಡು ಕುಣಿಗಲ್ಲಿಗೆ ಹೋದ. ಕಿರಣ್ ಬಂದಾಗ ಬಿಸಿಲೇರಿತ್ತು. ಇನ್ನೂ ಮೀಸೆ ಸರಿಯಾಗಿ ಬರದವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಪೊಟ್ಟಣ ಬಿಸ್ಕತ್ತು. ಜಗಲಿಯ ತುದಿಯಲ್ಲಿ ಕೂತ. ಬಾಯಿಗೆ ಬಂದಷ್ಟು ಕನ್ನಡದಲ್ಲೇ ಮಾತಾಡಿದ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, "ಬ್ಲೂಟೂತ್ ಆನ್ ಮಾಡಿದೀನಿ ಅಣ್ಣಾ" ಅಂದ. ಲೋಕಿ ಮಾವ ರಸ್ತೆಯ ಕಡೆಯೇ ನೋಡುತ್ತಿದ್ದ.

ಟ್ರ್ಯಾಕ್ಟರು ಕಾಣುವ ಮೊದಲೇ ಹಾಡು ಕೇಳಿಸಿತು. ನಮ್ಮ ಬೀದಿಯ ಅಂಗಡಿಯವನಿಗೆ ಇಷ್ಟವಾದಂಥದೇ ಒಂದು ಸಿನಿಮಾ ಹಾಡು, ಡಬ್ಬಾ ಸ್ಪೀಕರು ಒಡೆದುಹೋಗುವಷ್ಟು ಜೋರಾಗಿ. ದೊಡ್ಡಮಾವ ಮನೆ ಮುಂದೆ ನಿಲ್ಲಿಸಿದ. ಹಾಡನ್ನು ನಿಲ್ಲಿಸಲಿಲ್ಲ.

"ಅಣ್ಣ, ಕಾರ್ಡು?"

"ಇದ್ರಲ್ಲೇ ಐತಲ್ಲ! ಆ ಗೋಳೆಲ್ಲಾ ತೆಗ್ಸಾಕಿ ಫುಲ್ ಹೊಸ ಹಾಡು ಹಾಕ್ಸಿವ್ನಿ. ಟ್ರ್ಯಾಕ್ಟರ್‌ಗಾಗ್ಲಿ ಅಂತ." ಆಮೇಲೆ ಕಿರಣ್ ಕಡೆ ತಿರುಗಿ, "ನಿಂಗೂ ಬೇಕೇನಪ್ಪ? ಒಳ್ಳೊಳ್ಳೆ ಹಾಡವೆ, ಏರಿಸ್ಕೊಂಡ್ ಹೋಗು" ಅಂದ.

ಲೋಕಿ ಮಾವ ಟ್ರ್ಯಾಕ್ಟರು ಹತ್ತಿ ಹಾಡು ನಿಲ್ಲಿಸಿದ. ಇಂಜಿನ್ನು ಆರಿಸಿದ. ಆ ನಿಶ್ಶಬ್ದದಲ್ಲಿ ಕಿರಣ್ ಇನ್ನೂ ಫೋನನ್ನು ಮುಂದೆ ಹಿಡಿದೇ ಕೂತಿದ್ದ, ಅವನಿಗೆ ಅರ್ಥವಾಗಿರಲಿಲ್ಲ. ಮಾವ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಹೇಳಿ ಮುಗಿಸಿದ ಮೇಲೆ ನನ್ನನ್ನು ಕರೆದ.

"ಸುಮಾ, ನಿಂಗೆ ಬತ್ತದಲ್ಲ. ಹಾಡು ಮಗಾ."

ನಾನು ಹಾಡಿದೆ. ಕೇಳಿದ ಹಾಗೆಯೇ ಕಲಿತಿದ್ದೆ, ಬೇರೆ ಗೊತ್ತಿರಲಿಲ್ಲ. ಹಾಗಾಗಿ ಮೊದಲು ಕೆಮ್ಮಿದೆ. ಬಾಗಿಲಲ್ಲಿ ನಿಂತಿದ್ದ ದೊಡ್ಡಮಾವ ಗಹಗಹಿಸಿ, "ಕೆಮ್ಮೂ ಕಲ್ತವ್ಳಲ್ಲೇ!" ಅಂದ. ಅವನ ಹೆಂಡತಿ, ನಮ್ಮ ಅತ್ತೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ನಿಲ್ಲಿಸಲಿಲ್ಲ. ಅರ್ಧಕ್ಕೆ ಬಂದು, ದಿಲ್ ಸಾಲು ಮರೆಯುವ ಜಾಗದಲ್ಲಿ ನಾನೂ ಮರೆತು, ಅವನಂತೆಯೇ ಕಿಸಕ್ಕೆಂದು ನಕ್ಕೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಕಿರಣ್ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದ. ಅಂಥ ನೋಟವನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ, ಕಾಣುವುದೂ ಬೇಡ.

ಹಾಡು ಮುಗಿದ ಮೇಲೆ ಅವನು ನನ್ನ ತಲೆ ಸವರಿದ. "ಚೆನ್ನಾಗಿ ಹಾಡ್ತೀಯ ಪುಟ್ಟಿ" ಅಂದ. ಆಮೇಲೆ ಮಾವನ ಕಡೆ ತಿರುಗಿ, "ಈ ಹಾಡು ನಮ್ಮೂರಲ್ಲಿ ಎಲ್ಲರಿಗೂ ಬರುತ್ತೆ ಅಣ್ಣಾ. ಅಮ್ಮ ಕೇಳಿದ್ದು ಅವನ ದನಿ" ಅಂದ. ಬ್ಲೂಟೂತ್ ಆರಿಸಿ ಫೋನನ್ನು ಜೇಬಿಗಿಟ್ಟುಕೊಂಡ. ಅಜ್ಜಿ ನಿನ್ನೆಯ ಕಜ್ಜಾಯ ಕಟ್ಟಿಕೊಟ್ಟಳು. ಅದನ್ನು ಹಿಡಿದುಕೊಂಡು ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದ.

ಈಗ ಫೋನು ಹಿಡಿದು ಕೂತರೆ ಲೋಕದ ಯಾವ ಮೂಲೆಯ ಹಾಡು ಬೇಕಾದರೂ ಬರುತ್ತದೆ. ಸೂಡಾನಿನ ಮದುವೆ ಹಾಡು ಸಿಕ್ಕಿತು. ದಿಲ್ ಹಾಡಿದ್ದೂ ಸಿಕ್ಕಿತು, ಎಷ್ಟೋ ಜನ ಹಾಡಿದ್ದಾರೆ, ನನ್ನ ಮಗಳಿಗೂ ಇಷ್ಟ. ಅವರಲ್ಲಿ ಯಾರೂ ಕೆಮ್ಮುವುದಿಲ್ಲ, ಯಾರೂ ಸಾಲು ಮರೆಯುವುದಿಲ್ಲ. ಆ ಕಾರ್ಡಿನಲ್ಲೇ ಇದ್ದ ನನ್ನ ಹತ್ತು ಹನ್ನೊಂದರ ದನಿ ಹೇಗಿತ್ತೋ ನನಗೂ ಮರೆತುಹೋಗಿದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಮಾವನಿಗೆ ಕಿವಿ ಮಂದವಾಗಿದೆ, ಆದರೂ ಟ್ರ್ಯಾಕ್ಟರಿನಲ್ಲಿ ಜೋರಾಗಿ ಹಾಡು ಬೇಕು ಅವನಿಗೆ. ಓಡಿಸುವವನು ಲೋಕಿ ಮಾವ. ನಾನು ಇಯರ್‌ಫೋನಿನ ಒಂದು ತುದಿಯನ್ನು ಅವನ ಕಡೆ ಚಾಚಿ, "ಇದ್ರಲ್ಲಿ ಏನೈತೆ ಹೇಳು ಮಾವ" ಅಂದೆ.

ಅವನು ಅದನ್ನು ಕಿವಿಗೆ ಇಟ್ಟುಕೊಳ್ಳಲಿಲ್ಲ. "ಏನೂ ಇರಲ್ಲ ಕಣೇ" ಅಂದು, ಟ್ರ್ಯಾಕ್ಟರಿನ ಹಾಡನ್ನು ಅಣ್ಣನಿಗೆ ಕೇಳುವಷ್ಟು ಜೋರು ಮಾಡಿ ಹೊಲದ ಕಡೆ ಹೋದ.