ಸೀಟಿನ ಹಿಂದಿನ ಎಂಜಿನ್ನು, ಅವ್ವನ ಮಗ್ಗದ ಕುಣಿ

ಗೆಳೆಯರಽ, ನನ್ನ ಕೆಂಪು ಕಾರ್ ನೋಡಿ ನಗೂ ಮಂದಿ ಇವತ್ತ ಬನಹಟ್ಟಿಗೆ ಬಂದು ನಮ್ಮವ್ವನ್ನ ನೋಡಬೇಕಿತ್ತು.

ಕೊಲ್ಲಾಪುರದಾಗ ಹಳೇದು ತಗೊಂಡ ಸ್ಪೋರ್ಟ್ಸ್ ಕಾರದು. ಎಂಜಿನ್ ಮುಂದಿಲ್ಲ, ಸೀಟಿನ ಬೆನ್ನಿಗೇ ಐತಿ. ಮುಂಜಾನೆ ಅದರ ಬೆಲ್ಟ್ ಹರೀತು. ಮನಿಗೆ ಬಂದ ಮೆಕ್ಯಾನಿಕ್ ಬಸಣ್ಣ ಮ್ಯಾಲಿಂದ ಕೈ ಹಾಕಿ ಮೊಳಕೈ ತರಚಿಕೊಂಡ. ಜ್ಯಾಕ್ ಹಚ್ಚಿ ಎತ್ತಿದ್ರೂ ಕೆಳಗ ತಲಿ ತೂರಲಿಲ್ಲ. ಕಡೀಕ ಕಟರ್ ತಗದ.

"ಸೀಟಿನ ಹಿಂದಿನ ತಗಡ ಕೊಯ್ದು ಸಣ್ಣ ಬಾಗಲಾ ಮಾಡ್ತೀನ್ರಿ. ಮುಂದ ನಿಮಗಽ ಅನುಕೂಲ."

"ಮೊದಲ ನನ್ನ ಕೊಯ್ಯಪಾ" ಅಂದೆ.

ಗದ್ದಲ ಕೇಳಿ ಅವ್ವ ಹೊರಗ ಬಂದ್ಲು. "ಕೊಯ್ಯೂದ್ಯಾಕ? ನನ್ನ ಕುಣ್ಯಾಗ ಇಳದು ಮಾಡ್ರಿ."

ಕುಣಿ ಅಂದ್ರ, ಮನಿ ಬಾಜೂಕಿನ ಶೆಡ್ಡಿನ್ಯಾಗ ಅವ್ವ ನಲವತ್ತು ವರ್ಷ ಕಾಲು ಇಳಿಬಿಟ್ಟು ಸೀರಿ ನೇಯ್ದ ಕೈಮಗ್ಗದ ಕುಣಿ. ಮಗ್ಗ ತಗದ ಮ್ಯಾಲೂ ಅದನ್ನ ಮುಚ್ಚಾಕ ಬಿಟ್ಟಿಲ್ಲ.

ಬಸಣ್ಣ ಕುಣ್ಯಾಗ ಕಾಲಿಟ್ಟ.

"ಏ, ಬೂಟ್ ಕಳೀಯೋ! ಮಗ್ಗದ ಜಾಗಾ ಅದು" ಅಂತ ಅವ್ವ ಗದರಿಸಿದ್ಲು.

ಆಂವ ಬೂಟ್ ಕಳದು, ಕೈ ಮುಗದು, ನಟ್ಟು ಬಿಚ್ಚೂ ಪಾನಾ ಹಿಡಕೊಂಡು ಕುಣ್ಯಾಗ ಕುಂತ. ಆಮ್ಯಾಲೆ ನಾವು ಕಾರ್ ಅವನ ತಲಿ ಮ್ಯಾಲೆ ದೂಡಿದ್ವಿ. ಅರ್ಧಾ ತಾಸಿಗೆ ಕೆಳಗಿಂದ ದನಿ ಬಂತು.

"ಆತ್ರಿ! ಇಂಥಾ ಛಲೋ ಜಾಗಾ ನನ್ನ ಗ್ಯಾರೇಜಿನ್ಯಾಗೂ ಇಲ್ಲ!"

ಅವ್ವ ನನ್ನ ಕಡೆ ತಿರುಗಿ, "ನಾಳೆ ಸಿಮೆಂಟ್ ತರ್ತೀಯೇನಪಾ?" ಅಂದ್ಲು.

ನಿಮಗ ಒಂದು ಹೇಳೂದು ಮರತೆ. ಕಾರ್ ನಿಲ್ಸಾಕ ಜಾಗಾ ಬೇಕು, ಆ ಕುಣಿ ಮುಚ್ಚೂಣು ಅಂತ ಮೂರು ವರ್ಷದಿಂದ ಅವ್ವನ ಕೂಡ ಜಗಳಾಡಾಕತ್ತಾಂವ ನಾನಽ.