ಗರಗರ ತೆಗೆಯುವ ಅಮಸಿದ್ದ
ಸಿಂದಗಿಯ ಸುತ್ತ ಯಾರ ರೇಡಿಯೊ ಗರಗರ ಅಂದರೂ ಮೆಕ್ಯಾನಿಕ್ ಅಮಸಿದ್ದನನ್ನೇ ಕರೆಯಬೇಕು. ಬಂದವನು ರೇಡಿಯೊ ಮುಟ್ಟುವುದಿಲ್ಲ. ಪೊಲೀಸನಂತೆ ಒಳನುಗ್ಗಿ ಚಾರ್ಜರ್ ಕೀಳುತ್ತಾನೆ, ಎಲ್‌ಇಡಿ ಬಲ್ಬು ಆರಿಸುತ್ತಾನೆ, ಮಂದಿ ನೋಡುತ್ತಿದ್ದ ಟಿವಿಯನ್ನೂ ಬಂದ್ ಮಾಡುತ್ತಾನೆ. "ರೇಡಿಯೊದ್ದು ತಪ್ಪಿಲ್ರಿ, ಗದ್ದಲ ನಿಮ್ಮ ಮನ್ಯಾಗ ಐತಿ," ಎಂದು ಬೀಗರ ಎದುರಿಗೇ ಬೈಯುತ್ತಾನೆ. ತಂತಿಗೆ ಗದ್ದಲ ತಡೆಯುವ ಕಪ್ಪು ಉಂಗುರ ತೊಡಿಸಿ, ಅರ್ಥಿಂಗ್‌ಗೆಂದು ತಾಮ್ರದ ಸರಳನ್ನು ಅಂಗಳದ ನೆಲಕ್ಕೆ ಬಡಿದು, ದನಿ ತಿಳಿಯಾದ ಮೇಲೆಯೇ ಚಹಾ ಕುಡಿಯುತ್ತಾನೆ. ತನ್ನ ಪಕ್ಕದ ಮನೆಯ ಗಿರಣಿಯವನನ್ನು ಮಾತ್ರ ಅವನು ಬೈಯುವುದಿಲ್ಲ, ಮುಖವನ್ನೇ ನೋಡುವುದಿಲ್ಲ. ಹಿಂದೊಮ್ಮೆ, ಅಮಸಿದ್ದನೆದುರು ಒಮ್ಮೆಯೂ ಹಾಡದ ಅವನ ಹೆಂಡತಿ ರೇವವ್ವನಿಂದ ರೇಡಿಯೊದವರು ಬೀಸುವ ಪದ ಹಾಡಿಸಿಕೊಂಡು ಹೋಗಿದ್ದರು. ಅದು ಪ್ರಸಾರವಾದ ದಿನ ಆಕೆ ಆಸ್ಪತ್ರೆಯಲ್ಲಿದ್ದಳು, ಇವನು ಮನೆಯಲ್ಲಿ ರೇಡಿಯೊಗೆ ಕಿವಿಗೊಟ್ಟು ಕೂತಿದ್ದ. ಆಕೆಯ ಹೆಸರು ಹೇಳಿದರು. ಅಷ್ಟರಲ್ಲಿ ಪಕ್ಕದ ಗಿರಣಿಯ ಹಳೆಯ ಮೋಟಾರು ಶುರುವಾಗಿ ರೇಡಿಯೊ ಗರಗರ ಅನ್ನತೊಡಗಿತು. ಓಡಿಹೋಗಿ, "ಹತ್ತು ನಿಮಿಷ ನಿಲ್ಲಸ್ರಿ, ನನ್ನ ಹೆಂಡ್ತಿ ಹಾಡಾಕತ್ತಾಳ," ಎಂದು ಕೈಮುಗಿದ. "ಮಂದಿ ಪಾಳಿ ಹಚ್ಯಾರ. ಹೆಂಡ್ತಿ ಹಾಡು ಮನ್ಯಾಗ ಕೇಳ್ಕೋ ಹೋಗೋ," ಎಂದ ಮಾಲಕ. ಮರಳುವಷ್ಟರಲ್ಲಿ ಹಾಡು ಗರಗರದೊಳಗೇ ಮುಗಿದಿತ್ತು. ಸಂಜೆ ಆಸ್ಪತ್ರೆಗೆ ಹೋದಾಗ ರೇವವ್ವ ಕೇಳಿದಳು, "ನನ್ನ ದನಿ ಛಲೋ ಬಂತೇನ್ರಿ?" "ಒಂದೊಂದ ಅಕ್ಷರ ಕೇಳಿಸ್ತು," ಎಂದ ಅಮಸಿದ್ದ. ಆಕೆ ಅದನ್ನು ನಂಬಿಕೊಂಡೇ ಮರುವಾರ ತೀರಿಕೊಂಡಳು.